ಗಾಜಿನ ಬುಡದಲ್ಲಿಲ್ಲದ ಸಹಿ

ಸುಮಿತ್ರಕ್ಕ, ಆ ಕಾಗದವನ್ನು ನೀವು ನನ್ನ ಕೈಗೇ ಕೊಟ್ಟಿದ್ದಿರಿ. ಕೊಟ್ಟಿಲ್ಲವೆಂದು ನಾನು ಹೇಳಿದ್ದು ಸುಳ್ಳು.

ಧಾರವಾಡದಿಂದ ಬಂದು ನೀವು ಮೊದಲು ಡಾಕ್ಟರಾಗಿ ಸೇರಿದ್ದು ಸ್ಕಾಟ್ಲೆಂಡಿನಲ್ಲಿ. ನಿಮ್ಮ ಕೈಯಲ್ಲಿ ಗುಣವಾಗಿ ಹೋದ ಗಾಜಿನ ಕೆಲಸಗಾರನೊಬ್ಬ ಊಟದ ಬಿಡುವಿನಲ್ಲಿ ನಿಮಗಾಗಿ ಒಂದು ಪೇಪರ್‌ವೇಟ್ ಮಾಡಿದ್ದ — ನೀಲಿ ನೆಲ, ನಡುವೆ ಒಂದೇ ಬಿಳಿ ಹೂವು. ಕಾರ್ಖಾನೆಯ ಮಾಲಲ್ಲವಾದ್ದರಿಂದ ಬುಡದಲ್ಲಿ ಸಹಿ ಹಾಕಿರಲಿಲ್ಲ. ಅದು ಅವನದೆನ್ನಲು ಇದ್ದದ್ದು ಅವನೇ ಬರೆದ ನಾಲ್ಕು ಸಾಲಿನ ಕಾಗದ ಮಾತ್ರ. ಮುಂದೆ ಅವನು ಹೆಸರುವಾಸಿಯಾದ. ಅವನ ಕೈಯ ತುಣುಕಿಗಾಗಿ ಸಂಗ್ರಾಹಕರು ಹುಡುಕಾಡುವಂತಾಯಿತು.

ನಾನೂ ಅವರಲ್ಲೊಬ್ಬ. ಕುಂದಾಪುರದವನು, ಫೆಲ್ಥಮ್‌ನಲ್ಲಿ ವಿಮಾನ ಸರಕಿನ ಗೋದಾಮಿನ ಕೆಲಸ, ಭಾನುವಾರ ಹಳೇ ಸಾಮಾನಿನ ಸಂತೆ. ನನ್ನ ಹತ್ತಿರವೂ ಸಹಿಯಿಲ್ಲದ ನೀಲಿ ಗಾಜೊಂದಿತ್ತು, ಅದೇ ತರಹದ್ದು. ಅವನದೇ ಎಂದು ಎಷ್ಟು ವಾದಿಸಿದರೂ ವ್ಯಾಪಾರಿಗಳು ನಕ್ಕುಬಿಡುತ್ತಿದ್ದರು.

ಈ ದೇಶದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ, ಪಿನ್ನರ್‌ನ ನಿಮ್ಮ ಮನೆಯಲ್ಲಿ, ತಿಳಿದವರಿಗೆ ತೋರಿಸಿಕೊಂಡು ಬಾ ಎಂದು ಗಾಜು, ಕಾಗದ ಎರಡನ್ನೂ ಕೊಟ್ಟಿರಿ. ನಾನು ನಿಮ್ಮ ಕಾಗದವನ್ನು ನನ್ನ ಗಾಜಿನ ಜೊತೆ ಹರಾಜಿಗಿಟ್ಟು ಮಾರಿದೆ. ಯಾರೂ ನಗಲಿಲ್ಲ. ಆ ಒಂದು ಗಳಿಗೆಗಾಗಿ... ನಿಮ್ಮದನ್ನು ಬರಿಗಾಜಾಗಿ ಮರಳಿಸಿದೆ.

ವಾರದ ನಂತರ ನೀವು ಫೋನ್ ಮಾಡಿದಿರಿ. "ತಮ್ಮಾ ಗಣಪತಿ, ಆ ಕಾಗದ ನಿನ್ನ ಕೈಯಾಗ ಕೊಟ್ಟಿದ್ನಲ್ಲಾ?"

"ಇಲ್ಲ ಅಕ್ಕ. ಗಾಜು ಮಾತ್ರ ಕೊಟ್ಟಿದ್ರಿ."

ಮೆಲ್ಲಗೆ, "ಹಂಗಾರ ನನಗ ಮರೆವು ಸುರು ಆಗೇದ," ಎಂದಿರಿ. ನಿಮ್ಮ ತಾಯಿಗೂ ಅದೇ ಕಾಯಿಲೆ ಬಂದಿತ್ತೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ನಿಮ್ಮ ಡಾಕ್ಟರ ಹತ್ತಿರ ಹೋದಿರಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ನಂಬಲಿಲ್ಲ. ರೋಗಿಗೆ ತಪ್ಪು ಔಷಧಿ ಬರೆದೇನೆಂಬ ಭಯಕ್ಕೆ ಕೆಲಸ ಬಿಟ್ಟಿರಿ. ಕಾರು ಬಿಟ್ಟಿರಿ. ಸ್ಕಾಟ್ಲೆಂಡಿನ ಆ ಮನುಷ್ಯನ ಕಥೆಯನ್ನೂ ನೀವೇ ಕಟ್ಟಿಕೊಂಡದ್ದಿರಬೇಕೆಂದು ಗಾಜನ್ನು ದಾನದ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಕೊಟ್ಟುಬಿಟ್ಟಿರಿ. ಪ್ರತಿ ಸಲವೂ ಹೇಳಿಬಿಡಬೇಕೆಂದೇ ಬರುತ್ತಿದ್ದೆ. ನೀವು ಕೊಟ್ಟ ಚಹಾ ಕುಡಿದು ಹೋಗುತ್ತಿದ್ದೆ. ಮೂರು ವರ್ಷದ ಮೇಲೆ ಹೃದಯ ನಿಂತು ಹೋದಿರಿ — ಬುದ್ಧಿ ಕೊನೆಯವರೆಗೂ ಸ್ವಚ್ಛವಾಗಿತ್ತು.

ತಿಂಗಳ ನಂತರ ನಿಮ್ಮ ಮಗಳು ಅನಘಾ ನನ್ನನ್ನು ಕರೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮರೆಯಬಾರದೆಂದು ನೀವು ಬರೆದಿಡುತ್ತಿದ್ದ ಪುಸ್ತಕವನ್ನು ಮುಂದಿಟ್ಟು, "ಅಂಕಲ್, ಪ್ಲೀಸ್, ಓದಿ," ಎಂದಳು. "ಗ್ಯಾಸ್ ಆರಿಸಿದೆ. ಮಾತ್ರೆ ತಗೊಂಡೆ. ಬಾಗಿಲಿಗೆ ಕೀಲಿ ಹಾಕಿದೆ." ಹೀಗೇ ಪುಟಗಟ್ಟಲೆ. ಒಂದು ಪುಟದಲ್ಲಿ ಕೆಳಗೆ ಗೆರೆ ಎಳೆದು ಬರೆದಿದ್ದಿರಿ: "ಕಾಗದ ಗಣಪತಿಗೆ ಕೊಟ್ಟಿಲ್ಲ. ಮತ್ತ ಮತ್ತ ಕೇಳಿ ಅವನ ಮನಸ್ಸು ನೋಯಿಸಬಾರದು."

ಅದನ್ನೂ ಓದಿದೆ. ಆಮೇಲೆ ಆ ಕಾಗದವನ್ನು ನಾನೇನು ಮಾಡಿದ್ದೆನೆಂದು ಹೇಳಿದೆ.

ಅನಘಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ಎದ್ದು ಹೊರಡುವವರೆಗೂ ಹಾಗೇ ನಿಂತಿದ್ದಳು.