ರಸ್ತೆ ಮೇಲಿನ ಹುರುಳಿ

ನಮ್ಮೂರಿನಿಂದ ನಾಗಮಂಗಲಕ್ಕೆ ಎಂಟು ಕಿಲೋಮೀಟರ್. ಅತ್ತಿಗೆ ಅಲ್ಲಿಯ ಹೊಲಿಗೆ ಅಂಗಡಿಯಲ್ಲಿ ಒಂಬತ್ತಕ್ಕೆ ಇರಬೇಕಿತ್ತು. ದೇವಲಾಪುರದ ಕಡೆಯ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲೇ ಎಷ್ಟೋ ದಿನ ಒಂಬತ್ತಾಗುತ್ತಿತ್ತು. ಮೊದಲ ತಿಂಗಳು ಹನ್ನೊಂದು ದಿನ ತಡ ಎಂದು ನನ್ನ ಡೈರಿಯಲ್ಲಿದೆ. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯಾಕೆ ಹೇಳಿದ ಸಂಜೆ, ತಂಗಿಗೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನು ರಿಪೇರಿ ಮಾಡಿಸಿ ತಂದೆ.

"ಊರೋರು ನಗಲ್ವಾ?" ಎಂದರು ಅತ್ತಿಗೆ.

"ನಗ್ಲಿ ಬುಡಿ ಅತ್ಗೆ. ಬಸ್ಸಿಗಿಂತ ಮುಂಚೆ ಓಗ್ತೀರ."

ಪಕ್ಕದ ಮನೆ ಅಜ್ಜಿ ದಿನವೂ, "ಏನವ್ವ, ಸವಾರಿ ಒಂಟ್ತಾ?" ಎನ್ನುತ್ತಿತ್ತು. "ಊಂ ಕಣಜ್ಜಿ, ಬಾ, ಇಂದ್ಗಡೆ ಕೂತ್ಕೊ" ಎಂದು ಅತ್ತಿಗೆ ಪೆಡಲು ತುಳಿಯುತ್ತಿದ್ದರು. ಸಂಜೆ ಅವರು ಬಂದ ಮೇಲೆ ನಾನು ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಐವತ್ತಮೂರು ಗೆರೆ. ತಡವಾದದ್ದು ಒಂದು ದಿನವೂ ಇಲ್ಲ.

ಐವತ್ತನಾಲ್ಕನೆಯ ದಿನ ನಮ್ಮ ಹುರುಳಿ ಒಕ್ಕಣೆ. ಈಗ ಕಣ ಮಾಡುವವರು ಕಡಿಮೆ. ಕಿತ್ತು ತಂದ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹರಡಿದರೆ ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ.

"ಲೇ, ಅಂಚಿಗೂ ಎಳೀಲಾ. ಲಾರಿ, ಟ್ರಾಕ್ಟರು ಅತ್ತಿದ್ರೆ ಸಂಜೆಗೆ ಕಾಳಾಯ್ತದೆ" ಎಂದರು ಅಪ್ಪ.

ಎಳೆದೆ. ಎಷ್ಟು ಲಾರಿ, ಎಷ್ಟು ಟ್ರಾಕ್ಟರು ಹತ್ತಿದವೆಂದು ಮರದಡಿ ಕೂತು ಲೆಕ್ಕವನ್ನೂ ಬರೆದುಕೊಂಡೆ. ಆ ಅಂಚಿನಲ್ಲಿ ದಿನವೂ ಒಂದು ಸೈಕಲ್ಲು ಬರುತ್ತದೆಂದು, ಅದನ್ನೇ ಐವತ್ತಮೂರು ಸಲ ಎಣಿಸಿದ್ದ ನನಗೆ ಹೊಳೆಯಲಿಲ್ಲ.

ಆರು ಗಂಟೆಗೆ ಅತ್ತಿಗೆ ಬಂದರು. ಹಿಂದಿನಿಂದ ಲಾರಿ ಹಾರನ್ ಮಾಡಿತು, ಅಂಚಿಗೆ ಸರಿದರು. ಬಳ್ಳಿ ಚೈನಿಗೆ ಸುತ್ತಿಕೊಂಡು ಚಕ್ರ ನಿಂತುಬಿಟ್ಟಿತು. ಬಲಗೈ ಊರಿ ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಪಾಂಡವಪುರದ ಕೆಲಸದಿಂದ ನೇರ ಆಸ್ಪತ್ರೆಗೆ ಬಂದ ಅಣ್ಣ ಕೇಳಿದ: "ಎಂಗ್ ಬಿದ್ದೆ?"

ಅತ್ತಿಗೆ ನನ್ನ ಕಡೆ ನೋಡಲಿಲ್ಲ. "ನಾಯಿ ಅಡ್ಡ ಬಂತು."

"ಅದ್ಕೇ ಯೋಳಿದ್ದು, ಸೈಕಲ್ಲು ಬ್ಯಾಡ ಅಂತ."

ನಾನು ಎಕ್ಸ್‌ರೇ ತರಲು ಎದ್ದುಹೋದೆ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವರ ಬೆರಳುಗಳಿಗೆ ಕತ್ತರಿ ಹಿಡಿಯುವ ಬಲ ಬರಲಿಲ್ಲ. ಅಂಗಡಿಗೆ ಬೇರೊಬ್ಬಳು ಸೇರಿದಳು. ಮೊನ್ನೆ ಅಡುಗೆ ಮನೆಗೆ ಹೋಗಿ, "ಅತ್ಗೆ, ಅಣ್ಣಂಗೆ ನಿಜ ಯೋಳ್ಬುಡ್ತೀನಿ" ಎಂದೆ.

"ಯೋಳಿ ಏನ್ಮಾಡೀಯಪ್ಪ? ಆಮೇಲೆ ಮಾವ, ನೀನು ಇಬ್ರೂ ತಲೆ ಬಗ್ಗಿಸ್ಕಂಡು ಉಣ್ಬೇಕಾಯ್ತದೆ" ಎಂದರು. ಮುದ್ದೆಗೆ ಎಸರು ಕುದಿಯುತ್ತಿತ್ತು. "ಈ ಕೈಲಿ ತಿರುವಕ್ಕಾಗಲ್ಲ. ಕೋಲು ಇಡ್ಕೊ."

ಹಿಡಿದೆ. ಹಿಟ್ಟು ಗಂಟಾಗದಂತೆ ಪಕ್ಕದಲ್ಲಿ ನಿಂತು ಅವರು ಹೇಳಿಕೊಟ್ಟರು.