ರಿಮೋಟು ಕೈತಪ್ಪಿದ ಬೆಳಿಗ್ಗೆ

ಆಫೀಸಿನಲ್ಲಿ ನಾನು ಅಕ್ಕ ಎಂದು ಕರೆಯುತ್ತಿದ್ದದ್ದು ಅವರೊಬ್ಬರನ್ನೇ. ಉಳಿದವರೆಲ್ಲ ಜಪಾನಿಯರು, ಅವರ ಹೆಸರಿನ ಕೊನೆಗೆ ಗೌರವಕ್ಕೊಂದು ಸಾನ್. ಅಕ್ಕ ಮೈಸೂರಿನವರು, ನನಗಿಂತ ಆರು ವರ್ಷ ಹಿರಿಯರು, ನಾನು ಜಪಾನಿನ ಕಾಶಿವಾಕ್ಕೆ ಬಂದ ಹೊಸದರಲ್ಲಿ ಕರಿಬೇವು ಸಿಗುವ ಅಂಗಡಿ ತೋರಿಸಿಕೊಟ್ಟವರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಹಿಮ ತೆಗೆಯುವ ಯಂತ್ರವೊಂದಕ್ಕೆ ಸಾಫ್ಟ್‌ವೇರ್ ಬರೆಯುವ ತಂಡ ನಮ್ಮದು. ಯಂತ್ರಕ್ಕೆ ಗಾಲಿಗಳಿಲ್ಲ, ಟ್ಯಾಂಕಿಗಿರುವಂಥ ರಬ್ಬರ್ ಪಟ್ಟಿಗಳು, ಮುಂದೆ ಹಿಮ ತಳ್ಳುವ ಅಗಲವಾದ ಹಲಗೆ. ಓಡಿಸುವವರು ದೂರ ನಿಂತು ರಿಮೋಟಿನಿಂದ ನಡೆಸಬೇಕು. ಹೆಚ್ಚಿನ ಭಾಗ ಬರೆದವಳು ನಾನಾದ್ದರಿಂದ, ಉತ್ತರದ ಊರೊಂದರಲ್ಲಿ ಜನರೆದುರು ಅದನ್ನು ಓಡಿಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ಚಳಿಗಾಲ ಅದಕ್ಕಾಗಿಯೇ ಕಾದಿದ್ದೆ.

ಓಡಿಸಿ ತೋರಿಸುವುದರ ಹಿಂದಿನ ದಿನ ಆ ಊರಿನಲ್ಲಿ ಒಬ್ಬಳೇ ಓಡಿಸಿ ನೋಡುತ್ತಿದ್ದೆ. ಯಂತ್ರ ಶೆಡ್ಡಿನ ಹಿಂದೆ ಹೋದಾಗ ಸಿಗ್ನಲ್ ಕಡಿಯಿತು. ಕಡಿದ ತಕ್ಷಣ ಅದು ನಿಲ್ಲಬೇಕು. ನಿಲ್ಲಲಿಲ್ಲ, ಇನ್ನೂ ನಾಲ್ಕು ಹೆಜ್ಜೆ ಹೋಗಿ ಹಿಮದ ಗುಡ್ಡೆಗೆ ಮೂತಿ ಹೊಡೆಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಜಪಾನಿನ ಆಫೀಸುಗಳಲ್ಲಿ ಹೋರೆನ್ಸೋ ಎಂಬ ಪದ್ಧತಿಯಿದೆ: ಏನೇ ಆದರೂ ಕೂಡಲೇ ಮೇಲಿನವರಿಗೆ ವರದಿ ಮಾಡು, ಉಳಿದವರಿಗೆ ತಿಳಿಸು, ಕೇಳಿಕೊಂಡು ಮುಂದುವರಿ. ಪಾಲಕ್ ಸೊಪ್ಪಿಗೂ ಅಲ್ಲಿ ಅದೇ ಹೆಸರು. ನಾನೋ, ಮೊದಲು ತಪ್ಪು ಹುಡುಕಿ, ಸರಿಮಾಡಿಕೊಂಡು, ಆಮೇಲೆ ಮುಖ ತೋರಿಸುವವಳು. ಊಟದ ಹೊತ್ತಿಗೆ ಅಕ್ಕನ ಹತ್ತಿರ ಎಲ್ಲ ಹೇಳಿಕೊಂಡೆ. ಸುತ್ತ ತಂಡದವರು ನೂಡಲ್ಸ್ ತಿನ್ನುತ್ತಿದ್ದರು. ಕನ್ನಡದಲ್ಲಿ ಮಾತಾಡುವಾಗ ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ.

“ಅಯ್ಯೋ, ಟೆನ್ಷನ್ ಮಾಡ್ಕೋಬೇಡ ಕಣೇ,” ಎಂದರು ಅಕ್ಕ. “ಇವತ್ತು ಬಗ್ ಹುಡ್ಕು. ನಾಳೆ ಮೀಟಿಂಗಲ್ಲಿ ನೀನೇ ಹೇಳು, ನಾನ್ ಸಪೋರ್ಟ್ ಮಾಡ್ತೀನಿ. ಅಲ್ಲೀವರ್ಗೂ ಬಾಯ್ ಬಿಡಲ್ಲ.”

ಸಂಜೆಯೊಳಗೆ ತಪ್ಪು ಸಿಕ್ಕಿತು, ತಿದ್ದಿದೆ. ಎರಡೇ ಸಾಲು. ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ಮರುದಿನ ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತರು. ಸೊಗಸಾದ ಜಪಾನಿ ಭಾಷೆಯಲ್ಲಿ, ನನ್ನ ಹೆಸರಿಗೂ ಒಂದು ಸಾನ್ ಅಂಟಿಸಿ, ಯಂತ್ರ ನಿಲ್ಲದೆ ಹೋದದ್ದನ್ನು ವರದಿ ಮಾಡಿದರು. ವರದಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅಷ್ಟು ಭಾರದ ಯಂತ್ರ ಯಾರ ಮೇಲಾದರೂ ಹರಿಯಬಹುದಿತ್ತು. ಕೂಡಲೇ ಹೇಳಬೇಕಾದವಳು ನಾನೇ. ಆದರೆ ಮೇಲಧಿಕಾರಿ ಅಕ್ಕನನ್ನು ಒಂದು ಮಾತು ಕೇಳಿದರು: “ನಿಮಗೆ ಇದು ಯಾವಾಗ ಗೊತ್ತಾಯಿತು?”

“ಈಗ ಬೆಳಿಗ್ಗೆ, ಯಂತ್ರದ ಲಾಗ್ ನೋಡುವಾಗ,” ಎಂದರು ಅಕ್ಕ.

ಹಾಗಾದರೆ ಇಂದು ನೀವೇ ಓಡಿಸಿ ಎಂದು ಮೇಲಧಿಕಾರಿ ಅಕ್ಕನಿಗೆ ಹೇಳಿ, ನನ್ನತ್ತ ತಿರುಗಿ, ಹೇಳುವುದೇನಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದರು. ಇತ್ತು. ಹಿಂದಿನ ಮಧ್ಯಾಹ್ನ ನಾನು ಹೇಳಿದ್ದು ಆ ಕೋಣೆಯಲ್ಲಿದ್ದ ಎಲ್ಲರ ಕಿವಿಗೂ ಬಿದ್ದಿತ್ತು. ಅರ್ಥವಾದದ್ದು ಒಬ್ಬರಿಗೆ ಮಾತ್ರ, ಅವರು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

“ಸುಮಿಮಾಸೆನ್,” ಕ್ಷಮಿಸಿ, ಎಂದಷ್ಟೇ ಎಂದೆ. ಎದ್ದು ಹೋಗಿ, ಎರಡೂ ಕೈಯಲ್ಲಿ ರಿಮೋಟು ಹಿಡಿದು, ಬಾಗಿ ಅಕ್ಕನಿಗೆ ಒಪ್ಪಿಸಿದೆ.