ಮೂರನೆಯ ಸಾಲು

ನನಗೆ ಸಂಗೀತ ಬರುವುದಿಲ್ಲ, ಹಿಮ್ಮೇಳ ಮಾತ್ರ ಬರುತ್ತದೆ. ಬಾಗಲಕೋಟೆ ಕಡೆಯ ನಮ್ಮೂರಿನ ಭಜನೆಯಲ್ಲಿ ನನ್ನನ್ನು ಸದಾ ಹಿಂದೆ, ತಾಳದವರ ಮಗ್ಗುಲಿಗೆ ಕೂರಿಸುತ್ತಿದ್ದರು. ಮುಂದಿನವರು ಒಂದು ಸಾಲು ಹಾಡಿ ಬಿಟ್ಟರೆ ಅದನ್ನು ಎತ್ತಿಕೊಳ್ಳುವುದು ನಮ್ಮ ಕೆಲಸ. ನನ್ನ ಅಪಸ್ವರ ಗುಂಪಿನಲ್ಲಿ ಮುಚ್ಚಿಹೋಗುತ್ತಿತ್ತು. ಈ ಚಟ ತೊಂಬತ್ತರ ದಶಕದ ಕತಾರಿನಲ್ಲೂ ನನ್ನನ್ನು ಬಿಡಲಿಲ್ಲ.

ಅಲ್ಲಿ ನಾನು ಗ್ಯಾಸ್ ಪ್ಲಾಂಟಿನಲ್ಲಿ ಫಿಟರ್. ನನ್ನ ಸೂಪರ್‌ವೈಸರ್ ರೇ ಅಮೆರಿಕದ ಮಿಸಿಸಿಪ್ಪಿಯವರು, ಭಾರಿ ಆಳು. ಬೆಳಿಗ್ಗೆ ಬಿನ್ ಮಹಮೂದ್ ಬಡಾವಣೆಯ ನಮ್ಮ ರೂಮಿನ ಕೆಳಗೆ ಪಿಕಪ್ ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡರೆಂದರೆ ವಕ್ರಾ ಊರು ದಾಟುವವರೆಗೂ ಕ್ಯಾಸೆಟ್ಟಿನಲ್ಲಿ ಬ್ಲೂಸ್, ಅವರ ಕಡೆಯ ದುಃಖದ ಹಾಡುಗಳು. ಮೊದಲ ದಿನವೇ ಎಡವಟ್ಟು ಮಾಡಿದೆ. ಹಾಡುಗಾರ ಒಂದು ಸಾಲು ಹೇಳಿ ನಿಲ್ಲಿಸಿದ. ಎತ್ತಿಕೊಳ್ಳದೆ ಇರುವುದು ಹೇಗೆ? ಅರ್ಥವಾಗದಿದ್ದರೂ ಏರುದನಿಯಲ್ಲಿ ಎತ್ತಿಕೊಂಡೇಬಿಟ್ಟೆ. ರೇ ಬೆಚ್ಚಿಬಿದ್ದು ಬ್ರೇಕ್ ಒತ್ತಿದರು.

“ಅದು ಗಿಟಾರಿನ ಜಾಗ ಕಣಯ್ಯಾ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಪಾಠ ಶುರುವಾಯಿತು. ಹಾಡುಗಾರ ತನ್ನ ಕಷ್ಟವನ್ನು ಒಂದು ಸಾಲಿನಲ್ಲಿ ಹೇಳುತ್ತಾನೆ, ಗಿಟಾರು ಹೂಂಗುಟ್ಟುತ್ತದೆ. ಅದೇ ಸಾಲನ್ನು ಮತ್ತೆ ಹೇಳುತ್ತಾನೆ. ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ. ನಮ್ಮ ಗಾಂಧಾರ, ನಿಷಾದದ ಜಾಗದ ಸ್ವರಗಳನ್ನು ತುಸು ಕೆಳಕ್ಕೆ ಜಗ್ಗಿದರೆ ದುಃಖ ತಾನೇ ಬರುತ್ತದೆ. ರೇ ಅವರ ಮುತ್ತಜ್ಜ ಹತ್ತಿ ಹೊಲದಲ್ಲಿ ದುಡಿಯುವಾಗ ಒಬ್ಬರು ಕೂಗಿದರೆ ಉಳಿದವರು ಓಗೊಡುತ್ತಿದ್ದರಂತೆ. ಹಾಗಾದರೆ ನನ್ನ ತಪ್ಪು ಅಂಥ ದೊಡ್ಡದೇನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಇದನ್ನೆಲ್ಲ ರೂಮಿನಲ್ಲಿ ಉಡುಪಿಯ ಸದಾನಂದರಿಗೆ ವಿವರಿಸಿದೆ. “ಎಂತ ಮಾರಾಯ್ರೆ, ಒಂದೇ ಸಾಲು ಎರಡೆರಡು ಸರ್ತಿ ಯಾಕೆ? ಒಮ್ಮೆ ಹೇಳಿದ್ರೆ ಸಾಕಲ್ವಾ?” ಎಂದರು.

ಆ ವರ್ಷ ಊರಲ್ಲಿ ನನಗೆ ಮಗಳು ಹುಟ್ಟಿದಳು. ನನ್ನ ಪಾಲಿಗೆ ಬಂದದ್ದು ಕಾಗದದೊಳಗಿನ ಒಂದು ಫೋಟೋ. ರಜೆಯ ಅರ್ಜಿ ಎರಡು ಸಲ ವಾಪಸು ಬಂತು. ಪ್ಲಾಂಟ್ ನಿಲ್ಲಿಸಿ ರಿಪೇರಿ ನಡೆಸುವ ಸಮಯ, ಯಾರಿಗೂ ರಜೆಯಿಲ್ಲ ಎಂದು ಬರೆದವರು ಇದೇ ರೇ. ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ಕ್ಯಾಸೆಟ್ ಮುಗಿದು ಪಿಕಪ್ ಮೌನವಾಯಿತು. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: “ಮಗಳಿಗೆ ಐದು ತಿಂಗಳು ಸರ್, ನಾನಿನ್ನೂ ನೋಡಿಲ್ಲ.”

ರೇ ಗೇರು ಬದಲಿಸಿದರು. ಮುಂದೇನು ಹೇಳುವುದೋ ತೋಚದೆ ಅದನ್ನೇ ಇನ್ನೊಮ್ಮೆ ಹೇಳಿದೆ: “ಐದು ತಿಂಗಳು ಸರ್, ನಾನಿನ್ನೂ ನೋಡಿಲ್ಲ.” ಮೊದಲ ಸಲ ಹೇಳಿದ್ದು ಅವರಿಗೆ, ಎರಡನೆಯ ಸಲ ಅದು ನನಗೇ ಕೇಳಿಸಿತ್ತು.

“ಖಲಾಸ್, ಸಾಕು,” ಎಂದರು ರೇ, ರಸ್ತೆಯನ್ನೇ ನೋಡುತ್ತ. “ನಿನ್ನ ವಾಲ್ವುಗಳನ್ನು ನಾನು ನೋಡಿಕೊಳ್ಳುತ್ತೇನೆ. ಯಲ್ಲಾ, ನಡೆ, ಊರಿಗೆ ಹೋಗು.”

ನಾನು ಬರುವವರೆಗೂ ಆ ದೊಡ್ಡ ಮನುಷ್ಯ ಸ್ಪ್ಯಾನರ್ ಹಿಡಿದು ನನ್ನ ಕೆಲಸವನ್ನೂ ಮಾಡಿದರಂತೆ. ಅವರನ್ನು ನೆನೆದಾಗಲೆಲ್ಲ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಮನೆ ತಲುಪಿ ಕೂಸನ್ನು ಎತ್ತಿಕೊಂಡೆ. ನನ್ನ ಮೀಸೆ ಕಂಡು ಚೀರಿದಳು. ಇನ್ನೊಮ್ಮೆ ಎತ್ತಿಕೊಂಡೆ, ಇನ್ನೂ ಜೋರಾಗಿ ಚೀರಿದಳು.

“ತಡೀರಿ, ಗುರುತು ಹತ್ತಲಿ,” ಎಂದಳು ಹೆಂಡತಿ.

ನಾನು ಗಾಬರಿಯಾಗಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು, ಮೂರನೆಯ ಸಾಲಿಗೆ ಕಾಯತೊಡಗಿದೆ.